ಅಕ್ಷತೆ ಬಿದ್ದಾಗ ಚಿತ್ರ ಯಾಕೆ ಒಡೆಯುತ್ತೆ?

ಹುಬ್ಬಳ್ಳಿಯಲ್ಲಿ ನನ್ನದು ವಿಡಿಯೊ ಎಡಿಟಿಂಗ್ ಕೆಲಸ. ಕ್ಯಾಮೆರಾ ಕೊಳ್ಳುವ ಮುಂಚೆ ಸಲಹೆ ಕೇಳಲು ಬರುವ ಹುಡುಗರದು ಒಂದೇ ಪ್ರಶ್ನೆ: 'ಸರ, ಇದರಾಗ 4ಕೆ ಐತಿಲ್ರೀ?' ಈಗ ಜೇಬಿನಲ್ಲಿರುವ ಮೊಬೈಲಿನಲ್ಲೂ 4ಕೆ ಇದೆ. ಅದೊಂದನ್ನೇ ನೋಡಿ ದುಡ್ಡು ಸುರಿಯಬೇಡಿ ಅಂತ ಹೇಳಿ ಹೇಳಿ ಸಾಕಾಗಿದೆ.

4ಕೆ ಅಂದ್ರೆ ಚಿತ್ರದ ಅಳತೆ ಅಷ್ಟೇ. ಅಗಲಕ್ಕೆ 3840, ಎತ್ತರಕ್ಕೆ 2160 ಚುಕ್ಕೆ. ಆ ಚುಕ್ಕೆಗಳ ಬಗ್ಗೆ ಕ್ಯಾಮೆರಾ ಸೆಕೆಂಡಿಗೆ ಎಷ್ಟು ಮಾಹಿತಿ ಬರೆದಿಡುತ್ತೆ ಅನ್ನೋದು ಬೇರೆ ಲೆಕ್ಕ. ಅದು ಬಿಟ್‌ರೇಟ್.

1995ರಲ್ಲಿ ಬಂದ ಮಿನಿ ಡಿವಿ ಟೇಪು ಪ್ರತಿ ಫ್ರೇಮನ್ನೂ, ಅಂದ್ರೆ ವಿಡಿಯೊದ ಒಂದೊಂದು ಚಿತ್ರವನ್ನೂ, ಬೇರೆಬೇರೆಯಾಗಿ ಉಳಿಸುತ್ತಿತ್ತು. ಒಂದು ಗಂಟೆಗೆ ಸುಮಾರು 13 ಜಿಬಿ. 2006ರಲ್ಲಿ ಸೋನಿ, ಪ್ಯಾನಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ಅನ್ನೋ ರೆಕಾರ್ಡಿಂಗ್ ವಿಧಾನದ ದಾರಿ ಬೇರೆ. ಒಂದು ಫ್ರೇಮನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತೆ. ಇವತ್ತಿನ 4ಕೆ ಕ್ಯಾಮೆರಾಗಳಲ್ಲಿ ಬಹುಪಾಲು ಇದೇ ರೀತಿ.

ಮದುವೆ ಶೂಟಿಂಗಿನಲ್ಲಿ ವಧು-ವರ ಸುಮ್ನೆ ಕೂತಿರುವವರೆಗೆ ಏನೂ ತೊಂದರೆಯಿಲ್ಲ. ಗಟ್ಟಿಮೇಳ ಶುರುವಾಗಿ ನಾಲ್ಕೂ ಕಡೆಯಿಂದ ಅಕ್ಷತೆ ಬಿದ್ದಾಗ ನೋಡಿ. ಒಂದೊಂದು ಕಾಳೂ ಒಂದೊಂದು ಕಡೆ ಹಾರುತ್ತೆ, ಹಿಂದೆ ಸೀರೆಯ ಜರಿ ಮಿನುಗುತ್ತೆ, ಕೈಗಳು ಆಡುತ್ತವೆ. ಹಿಂದಿನ ಫ್ರೇಮಿನಲ್ಲಿದ್ದದ್ದು ಮುಂದಿನದರಲ್ಲಿ ಇರೋದೇ ಇಲ್ಲ. ಬಿಟ್‌ರೇಟ್ ಕಡಿಮೆ ಇದ್ದರೆ ಇಷ್ಟನ್ನೆಲ್ಲ ಬರೆಯಲು ಜಾಗ ಸಾಲಲ್ಲ. ಮದುಮಗಳ ಮುಖ ಚೌಕ ಚೌಕವಾಗಿ ಒಡೆಯುತ್ತೆ. ಇದು ಫೋಕಸ್ಸಿನ ತಪ್ಪಲ್ಲ, ಲೆನ್ಸಿನದೂ ಅಲ್ಲ. 'ಎಡಿಟಿಂಗ್‌ನಾಗ ಸರಿ ಮಾಡ್ರಿ' ಅಂತಾರೆ. ಕ್ಯಾಮೆರಾ ಬರೆಯದೇ ಬಿಟ್ಟದ್ದನ್ನು ನಾನು ಎಲ್ಲಿಂದ ತರಲಿ? ಆ ತಾಯಿ-ತಂದೆಗೆ ಅದೊಂದೇ ಗಳಿಗೆ ಬೇಕಿರುತ್ತೆ.

ಒಂದು ಎಚ್ಚರಿಕೆ: ಬಿಟ್‌ರೇಟನ್ನು ಒಂದೇ ಕೋಡೆಕ್ (ವಿಡಿಯೊವನ್ನು ಕುಗ್ಗಿಸಿ ಬರೆಯುವ ವಿಧಾನ) ಇರುವ ಕ್ಯಾಮೆರಾಗಳ ನಡುವೆ ಮಾತ್ರ ಹೋಲಿಸಿ. ಎಚ್.265 ಅನ್ನೋ ಕೋಡೆಕ್ ಕಡಿಮೆ ಬಿಟ್‌ರೇಟಿನಲ್ಲೂ ಅದಕ್ಕಿಂತ ಹಳೆಯ ಎಚ್.264ರಷ್ಟೇ ಚೆನ್ನಾಗಿ ಕೊಡಬಲ್ಲದು. ಆದರೆ ಹಳೇ ಕಂಪ್ಯೂಟರಿನಲ್ಲಿ ಅದರ ಎಡಿಟಿಂಗ್ ಬಲು ತ್ರಾಸು.

ಬಿಟ್‌ರೇಟ್ ಸೆಕೆಂಡಿಗೆ 100 ಮೆಗಾಬಿಟ್ ಇದ್ದರೆ ಗಂಟೆಗೆ 45 ಜಿಬಿ ಬೇಕು. ಕಾರ್ಡ್ ಉಳಿಸೋಕೆ ಹೋಗಿ ಮೆನುವಿನಲ್ಲಿ ಕೆಳಗಿನ ಸೆಟ್ಟಿಂಗ್ ಇಡುವವರೇ ಜಾಸ್ತಿ. ಇನ್ನೊಂದು ಕಾರ್ಡ್ ತಗೊಳ್ಳಿ, ದಯವಿಟ್ಟು.

ಧಾರವಾಡದಲ್ಲಿ ಸಂಗೀತ ಕಛೇರಿ ಚಿತ್ರೀಕರಿಸುವವರಿಗೆ ಮಾತ್ರ ನಾನು ಈಗಲೂ ಕ್ಯಾಮ್‌ಕಾರ್ಡರನ್ನೇ, ಅಂದ್ರೆ ವಿಡಿಯೊಗೆಂದೇ ಮಾಡಿದ ಕ್ಯಾಮೆರಾವನ್ನೇ, ಹೇಳುತ್ತೇನೆ. ಹಳೆಯ ಫೋಟೊ ಕ್ಯಾಮೆರಾಗಳಲ್ಲಿ ಎಷ್ಟೋ 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸುತ್ತವೆ. ಅರ್ಧ ಗಂಟೆ ದಾಟಿದರೆ ಯುರೋಪಿನಲ್ಲಿ ವಿಡಿಯೊ ಕ್ಯಾಮೆರಾದ ಸುಂಕ ಬೀಳುತ್ತಿತ್ತು, ಅದಕ್ಕೆ ಆ ಮಿತಿ. ವಿಲಂಬಿತ ಖ್ಯಾಲ್ ಮುಗಿಯುವ ಮುಂಚೆ ಕ್ಯಾಮೆರಾ ಮಲಗಿದರೆ ಏನು ಮಾಡ್ತೀರಿ?

ಕೊಳ್ಳುವಾಗ ನಿಮ್ಮ ಕಾರ್ಡ್ ಒಯ್ದು, ಗಾಳಿಗೆ ಅಲುಗುವ ಮರದ ಎಲೆಗಳನ್ನು ಶೂಟ್ ಮಾಡಿ, ಮನೆಯ ದೊಡ್ಡ ಟಿವಿಯಲ್ಲಿ ನೋಡಿ. ಫ್ರೇಮ್‌ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು, 25 ಅಥವಾ 50 ಇರಲಿ. ನಮ್ಮ ಕರೆಂಟು 50 ಹರ್ಟ್ಜ್. 30 ಇಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿಣಮಿಣ ಅನ್ನಬಹುದು.