ಹೂಳಿನ ಲೆಕ್ಕ

ರಾಯಚೂರು ಜಿಲ್ಲೆಯ ಮಾನ್ವಿ ಕಡೆ ನಮ್ಮ ಸೋದರಮಾವನ ಹೊಲ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಅಲ್ಲಿಯವರು ಮಳೆ ಬಂತಾ ಅಂತ ಕೇಳುವುದಕ್ಕಿಂತ ಡ್ಯಾಮಿನಲ್ಲಿ ನೀರು ಎಷ್ಟಿದೆ ಅಂತ ಕೇಳುವುದೇ ಜಾಸ್ತಿ. ಮುಂಗಾರಿನ ಭತ್ತ ಹೇಗೋ ಕೈಗೆ ಬರುತ್ತದೆ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಅನ್ನುವುದು ವರ್ಷಾ ವರ್ಷದ ಚಿಂತೆ.

ಕಳೆದ ಬೇಸಿಗೆಯಲ್ಲಿ ಮಾವನ ಜೊತೆ ಕೂತು ಒಂದು ಲೆಕ್ಕ ಹಾಕಿದೆ. 1953ರಲ್ಲಿ ತುಂಗಭದ್ರಾ ಜಲಾಶಯ ಹಿಡಿಯುತ್ತಿದ್ದದ್ದು ಸುಮಾರು 133 ಟಿಎಂಸಿ. 2016ರ ಸರ್ವೆ ಪ್ರಕಾರ ಈಗ ಹಿಡಿಯುವುದು 105.78 ಟಿಎಂಸಿ. ಉಳಿದ 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಭತ್ತಕ್ಕೆ ಬೆಳೆ ಮುಗಿಯುವ ತನಕ ನಾಲ್ಕು ಅಡಿ ನೀರು ಬೇಕು ಅಂತ ಹಿಡಿದರೆ, ಒಂದು ಟಿಎಂಸಿಗೆ ಐದೂವರೆ ಸಾವಿರ ಎಕರೆಗೂ ಜಾಸ್ತಿ ಬೆಳೆಯಬಹುದು. 27 ಟಿಎಂಸಿಗೆ ಒಂದೂವರೆ ಲಕ್ಷ ಎಕರೆ! ಕಾಲುವೆಯಲ್ಲಿ ಇಂಗುವ ನೀರನ್ನು ಕಳೆದರೂ ಸಣ್ಣ ಮಾತಲ್ಲ.

"ಹೂಳು ತಗದ್ರ ಆತಲ್ಲ?" ಅಂದ ಮಾವ. ಅದನ್ನೂ ಲೆಕ್ಕ ಹಾಕಿದೆವು. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಮಣ್ಣು ಅಂದರೆ ಏಳೂವರೆ ಕೋಟಿ ಟ್ರಿಪ್. ದಿನಕ್ಕೆ ಸಾವಿರ ಟ್ರಿಪ್ ಹೊಡೆದರೂ 200 ವರ್ಷ ಬೇಕು. ತೆಗೆದ ಮಣ್ಣನ್ನು ಎಲ್ಲಿ ಸುರಿಯುವುದು ಅನ್ನುವುದು ಬೇರೆ ಪ್ರಶ್ನೆ. 2017ರ ಬೇಸಿಗೆಯಲ್ಲಿ ಈ ಭಾಗದ ರೈತರು ತಾವೇ ದುಡ್ಡು ಕೂಡಿಸಿ ಹೂಳು ಎತ್ತಲು ಇಳಿದಿದ್ದರು. ಅವರ ಹಟ ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ಆದರೆ ಎತ್ತಬೇಕಾದ ರಾಶಿ ಬೆಟ್ಟದಷ್ಟು.

ಹೂಳು ತೆಗೆಯಲು ಆಗದಿದ್ದರೆ ಕಳೆದುಹೋದ ಜಾಗವನ್ನು ಬೇರೆ ಕಡೆ ಕಟ್ಟಬೇಕು. ಕೊಪ್ಪಳ ಜಿಲ್ಲೆಯ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾಪ ಇರುವುದು ಇದಕ್ಕೇ. ಅದಕ್ಕೆ ಸಾವಿರಾರು ಕೋಟಿ ರೂಪಾಯಿ ಬೇಕು, ಜಮೀನೂ ಮುಳುಗುತ್ತದೆ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಇಷ್ಟು ಖರ್ಚಿನಲ್ಲಿ ನಾವು ಕೊಳ್ಳಲು ಹೊರಟಿರುವುದು ಏನನ್ನು? ಒಂದು ಕಾಲಕ್ಕೆ ಮೇಲಿನ ಕಾಡು, ಹುಲ್ಲುಗಾವಲು, ಬದು ಹಾಕಿದ ಹೊಲಗಳು ಪುಕ್ಕಟೆ ಮಾಡಿಕೊಡುತ್ತಿದ್ದ ಕೆಲಸವನ್ನು, ಅಂದರೆ ಮಣ್ಣನ್ನು ಅದರ ಜಾಗದಲ್ಲೇ ಹಿಡಿದಿಡುವ ಕೆಲಸವನ್ನು.

ಪ್ರಕೃತಿ ನಮಗೆ ಮಾಡಿಕೊಡುವ ಇಂಥ ಕೆಲಸಗಳಿಗೆ ವಿಜ್ಞಾನಿಗಳು ಪರಿಸರ ಸೇವೆ ಅಂತ ಹೆಸರಿಟ್ಟಿದ್ದಾರೆ. ಅದು ನಿಂತುಹೋದರೆ ಅದೇ ಕೆಲಸ ಮಾಡಿಸಲು ಎಷ್ಟು ಖರ್ಚಾಗುತ್ತದೆ ಅಂತ ನೋಡುವುದು ಬೆಲೆ ಕಟ್ಟುವ ಒಂದು ದಾರಿ. 1997ರಲ್ಲಿ ಪರಿಸರ ಅರ್ಥಶಾಸ್ತ್ರಜ್ಞ ರಾಬರ್ಟ್ ಕೊಸ್ಟಾನ್ಜಾ ಮತ್ತು ಸಂಗಡಿಗರು ಇಡೀ ಭೂಮಿಯ ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬೆಲೆ ಕಟ್ಟಿದರು. ಜಗತ್ತಿನ ಗಮನ ಸೆಳೆದ ಸಂಖ್ಯೆ ಅದು. ಆದರೆ ಮಾನ್ವಿಯ ರೈತನಿಗೆ ಅದರಿಂದ ಏನೂ ತಿಳಿಯುವುದಿಲ್ಲ. 27 ಟಿಎಂಸಿ ಅಂದರೆ ತಕ್ಷಣ ತಿಳಿಯುತ್ತದೆ. ಬೆಲೆ ಕಟ್ಟುವುದಾದರೆ ಊರಿನ ಲೆಕ್ಕದಲ್ಲೇ ಕಟ್ಟಬೇಕು ಅನ್ನುವುದು ನನ್ನ ಅಭಿಪ್ರಾಯ.

ಮಣ್ಣು ಹಿಡಿದಿಡುವುದು ಅಂದರೆ ಏನು? ಬರೀ ನೆಲದ ಮೇಲೆ ಬೀಳುವ ದಪ್ಪ ಮಳೆಹನಿ ಸಣ್ಣ ಸುತ್ತಿಗೆ ಇದ್ದ ಹಾಗೆ. ಮಣ್ಣಿನ ಹೆಂಟೆ ಒಡೆದು ಪುಡಿಯಾಗುತ್ತದೆ, ಆ ಪುಡಿ ನೆಲದ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ನೀರು ಇಂಗದೆ ಮೇಲೇ ಹರಿಯುತ್ತದೆ, ಹರಿಯುವಾಗ ಮಣ್ಣನ್ನೂ ಒಯ್ಯುತ್ತದೆ. ನೆಲದ ಮೇಲೆ ತರಗೆಲೆ, ಹುಲ್ಲು ಇದ್ದರೆ ಹನಿಯ ಪೆಟ್ಟು ಅಲ್ಲೇ ಸತ್ತುಹೋಗುತ್ತದೆ. ಎತ್ತರದ ಮರವೊಂದೇ ಸಾಲದು. ಎಲೆಯ ತುದಿಯಲ್ಲಿ ಕೂಡಿ ಬೀಳುವ ಹನಿ ಇನ್ನೂ ದಪ್ಪ. ಬುಡದ ಹುಲ್ಲು ಕೆರೆದು ಒಯ್ದ ನೆಡುತೋಪಿನಲ್ಲಿ ಮಣ್ಣು ಕೊಚ್ಚಿಹೋಗುವುದು ಇದಕ್ಕೇ. ಹೂಳಿಗೆಲ್ಲ ಕಾಡು ಕಡಿದದ್ದೇ ಕಾರಣ ಅಲ್ಲ, ನಿಜ. ಯಾವ ನದಿಯಾದರೂ ಸ್ವಲ್ಪ ಮಣ್ಣು ತಂದೇ ತರುತ್ತದೆ. ಆದರೆ ನಾವು ಉತ್ತ, ಅಗೆದ, ಬೋಳಿಸಿದ ನೆಲ ಅದನ್ನು ಬಹಳ ಜಾಸ್ತಿ ಮಾಡುತ್ತದೆ.

ನಮ್ಮಲ್ಲಿ ಕಾಡಿಗೆ ಸರ್ಕಾರಿ ಬೆಲೆಯೂ ಇದೆ. ಗಣಿಗೋ ರಸ್ತೆಗೋ ಅರಣ್ಯ ಭೂಮಿ ಪಡೆಯುವವರು ಸುಪ್ರೀಂ ಕೋರ್ಟ್ ಆದೇಶದಂತೆ ಅದರ ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಆ ಕಾಡು ಮುಂದೆ ಕೊಡುತ್ತಿದ್ದ ಪ್ರಯೋಜನಕ್ಕೆ ಇವತ್ತಿನ ಲೆಕ್ಕದ ಬೆಲೆ, ಕಟ್ಟಬೇಕು. 2022ರಲ್ಲಿ ಪರಿಷ್ಕರಿಸಿದ ದರ ಹೆಕ್ಟೇರಿಗೆ ಸುಮಾರು 9.57 ಲಕ್ಷದಿಂದ 15.95 ಲಕ್ಷ ರೂಪಾಯಿ. ಏನೂ ಇಲ್ಲದ್ದಕ್ಕಿಂತ ಇದು ಒಳ್ಳೆಯದು. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ. ಸಂಡೂರಿನ ಗುಡ್ಡದ ಇಳಿಜಾರು ಅಲ್ಲಿನ ಹೊಳೆ ನಾರಿಹಳ್ಳಕ್ಕೆ ಮಾಡುವ ಕೆಲಸವನ್ನು ಆ ದುಡ್ಡಿನಲ್ಲಿ ಬೇರೆ ಜಿಲ್ಲೆಯಲ್ಲಿ ನೆಟ್ಟ ಸಸಿ ಮಾಡಲಾರದು. ದುಡ್ಡು ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುತ್ತದೆ, ಇಳಿಜಾರು ಹೋಗುವುದಿಲ್ಲ.

ಇದೇ ಮಾತು ಕರಾವಳಿಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಭಾರಿ ಚಂಡಮಾರುತ ಬಂತು. ಭಿತರ್‌ಕಣಿಕಾ ಪ್ರದೇಶದ ಮೂರು ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಕಾಂಡ್ಲಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿನ ಮರೆಯಲ್ಲಿದ್ದ ಹಳ್ಳಿಯಲ್ಲಿ ಮನೆಯೊಂದಕ್ಕೆ ಆದ ನಷ್ಟ ಸುಮಾರು 33 ಡಾಲರ್. ಕಾಂಡ್ಲಾ ಇಲ್ಲದೆ ಮಣ್ಣಿನ ಒಡ್ಡು ಮಾತ್ರ ಇದ್ದ ಹಳ್ಳಿಯಲ್ಲಿ ಸುಮಾರು 154 ಡಾಲರ್. ಒಡ್ಡು ಒಡೆದು ಒಳಗೆ ನುಗ್ಗಿದ ಉಪ್ಪುನೀರು ಅದೇ ಒಡ್ಡಿನಿಂದಾಗಿ ಹೊರಗೆ ಹೋಗಲಿಲ್ಲ. ಅದು ಮಾತ್ರ ಬೇಲಿಯೇ ಹೊಲ ಮೇಯ್ದ ಹಾಗಾಯಿತು.

ಸಮುದ್ರ ನಮ್ಮಿಂದ ದೂರ ಅಂತ ಅನ್ನಿಸಬಹುದು. ಆದರೆ ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಕೃಷ್ಣಾ ಮುಖಜಭೂಮಿ ಆಗಿದ್ದೇ ಇಂಥ ನದಿಗಳು ತಂದ ಮಣ್ಣಿನಿಂದ. ಈಗ ಆ ಮಣ್ಣಿನ ಬಹುಪಾಲು ತುಂಗಭದ್ರಾ, ಶ್ರೀಶೈಲ, ನಾಗಾರ್ಜುನಸಾಗರದಂಥ ಅಣೆಕಟ್ಟುಗಳ ಹಿಂದೆ ನಿಂತುಬಿಡುತ್ತದೆ. ಮಣ್ಣು ಕಡಿಮೆಯಾದ ದಂಡೆಯನ್ನು ಅಲೆ ಕೊರೆಯುತ್ತಿದೆ. ನಮಗೆ ಹೊರೆಯಾದದ್ದು ಅಲ್ಲಿಯವರಿಗೆ ಇಲ್ಲವಾಗಿದೆ. ತುಂಗಭದ್ರಾ ಅಣೆಕಟ್ಟು ಇರುವ ಮುನಿರಾಬಾದಿನಲ್ಲಿ ನಿಂತು ಹಾಕಿದ ಲೆಕ್ಕ ಸಮುದ್ರದ ತನಕ ಹೋಗದಿದ್ದರೆ ಅರ್ಧ ಲೆಕ್ಕ ಅಷ್ಟೇ, ಅಲ್ವಾ?

ಮಾವನಿಗೆ ನ್ಯೂಯಾರ್ಕ್ ಕಥೆಯನ್ನೂ ಹೇಳಿದೆ. ಆ ನಗರಕ್ಕೆ ಕುಡಿಯುವ ನೀರು ಬರುವುದು ಹೆಚ್ಚಾಗಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ. ನೀರು ಸೋಸುವ ಘಟಕ ಕಟ್ಟಲು 600 ಕೋಟಿ ಡಾಲರ್‌ನಷ್ಟು ಬೇಕಿತ್ತು. 1997ರಲ್ಲಿ ನಗರದವರು ಆ ದಾರಿ ಬಿಟ್ಟು, ಅದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಮೇಲಿನ ಕಾಡು ಉಳಿಸಲು, ಅಲ್ಲಿನ ರೈತರು ಗೊಬ್ಬರ, ದನದ ಕೊಟ್ಟಿಗೆಯ ನೀರು ಹೊಳೆಗೆ ಸೇರದಂತೆ ನೋಡಿಕೊಳ್ಳಲು ದುಡ್ಡು ಕೊಡುವ ಒಪ್ಪಂದ ಮಾಡಿಕೊಂಡರು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂದ್ರ, ಮ್ಯಾಲಿನ ಹೊಲದಾಂವ ಬದು ಹಾಕಾಕ ನಾವು ರೊಕ್ಕ ಕೊಡಬೇಕಂತೀಯೇನು?" ಅಂದ.

"ಹೌದು ಮಾವ, ನೀವೊಬ್ಬರೇ ಅಲ್ಲ. ನೀರು ಕುಡಿಯುವ ಊರು, ನೀರು ಬಳಸುವ ಕಾರ್ಖಾನೆ, ಎಲ್ಲರೂ."

"ಎರಡನೇ ಬೆಳಿಗೆ ನೀರು ಖಾತ್ರಿ ಅಂದ್ರ ಎಕರೆಕ್ಕೊಂದು ಚೀಲ ನೆಲ್ಲು ನಾನೇ ಮೊದಲು ಹಾಕತೀನಿ. ಆದ್ರ ತಮ್ಮಾ, ಈ ಕೊನೀಗೆ ಕುಂತಾಂವಗ ಅಲ್ಲಿ ಎಷ್ಟು ಮಣ್ಣು ನಿಂತತಿ ಅಂತ ವರ್ಷಾ ಅಳದು ಹೇಳೋರು ಯಾರು?"