ಕುದುರೆ ಕುಂಟುತ್ತಿರುವುದು ಯಾವ ಕಾಲಿನಲ್ಲಿ? ತಲೆ ಮತ್ತು ಸೊಂಟದ ಏರಿಳಿತವನ್ನು ಓದುವ ಕ್ರಮ

ಕುಂಟುವ ಕುದುರೆಯ ಪರೀಕ್ಷೆಯಲ್ಲಿ ಮೊದಲು ತೀರ್ಮಾನವಾಗಬೇಕಾದುದು ಯಾವ ಕಾಲು ಎಂಬುದು; ಯಾವ ಕೀಲು, ಯಾವ ರೋಗ ಎಂಬುದು ಆಮೇಲಿನ ಮಾತು. ನಿಂತ ಕುದುರೆಯ ಕಾಲುಗಳನ್ನು ಸವರಿ ಬಿಸಿ, ಊತ, ನಾಡಿಮಿಡಿತಗಳನ್ನು ಗಮನಿಸುವ ಭಾಗ ಸುಲಭವಾದ್ದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ. ಮೂಳೆ ಮುರಿದಿರುವ ಸಂಶಯವಿದ್ದರೆ ಮಾತ್ರ ಮುಂದೆ ಹೇಳುವ ಯಾವ ಓಡಾಟವನ್ನೂ ಮಾಡಿಸಬಾರದು.

ಕುಂಟು ಸ್ಪಷ್ಟವಾಗಿ ಕಾಣುವುದು ಟ್ರಾಟ್ ನಡೆಯಲ್ಲಿ. ಈ ನಡೆಯಲ್ಲಿ ಎಡ ಮುಂಗಾಲು ಬಲ ಹಿಂಗಾಲಿನೊಡನೆ, ಬಲ ಮುಂಗಾಲು ಎಡ ಹಿಂಗಾಲಿನೊಡನೆ ಜೋಡಿಯಾಗಿ ನೆಲ ಮುಟ್ಟುವುದರಿಂದ ಎರಡೂ ಪಕ್ಕಗಳ ಚಲನೆ ಸಮವಾಗಿರಬೇಕು. ಮುಂಗಾಲು ನೋಯುತ್ತಿದ್ದರೆ, ಅದು ನೆಲಕ್ಕೆ ಊರುವಾಗ ಕುದುರೆ ತಲೆಯನ್ನು ಮೇಲೆತ್ತಿ ಭಾರವನ್ನು ಕಡಿಮೆ ಮಾಡಿಕೊಳ್ಳುತ್ತದೆ. ಒಳ್ಳೆಯ ಕಾಲು ಊರುವಾಗ ತಲೆ ಕೆಳಗಿಳಿಯುತ್ತದೆ. ಹಗ್ಗವನ್ನು ಬಿಗಿಯಾಗಿ ಹಿಡಿದರೆ ಈ ಸೂಚನೆಯೇ ಮರೆಯಾಗುತ್ತದೆ.

ತೊಡಕಿರುವುದು ಹಿಂಗಾಲಿನಲ್ಲಿ. ನೋವು ಎಡ ಹಿಂಗಾಲಿನಲ್ಲಿದೆ ಎಂದುಕೊಳ್ಳೋಣ. ಅದು ಊರುವ ಕ್ಷಣದಲ್ಲಿ ಕುದುರೆ ಹಿಂಭಾಗವನ್ನು ಹಗುರಗೊಳಿಸಲು ಭಾರವನ್ನು ಮುಂದಕ್ಕೆ ತಳ್ಳುತ್ತದೆ, ಅಂದರೆ ತಲೆಯನ್ನು ತಗ್ಗಿಸುತ್ತದೆ. ಅದೇ ಕ್ಷಣದಲ್ಲಿ ಊರಿರುವ ಮುಂಗಾಲು ಬಲಗಡೆಯದು. ನೋಡುವವರ ಕಣ್ಣಿಗೆ ಬಲ ಮುಂಗಾಲು ಊರುವಾಗ ತಲೆ ಇಳಿದಂತೆ ಕಾಣುವುದರಿಂದ, ಮೇಲಿನ ನಿಯಮದ ಪ್ರಕಾರ ಎಡ ಮುಂಗಾಲು ಕುಂಟುತ್ತಿದೆ ಎಂಬ ತೀರ್ಮಾನ ಬರುತ್ತದೆ. ಆದರೆ ಎಡ ಮುಂಗಾಲಿನಲ್ಲಿ ಏನೂ ಇಲ್ಲ. ಹೀಗೆ ಹಿಂಗಾಲಿನ ನೋವು ಅದೇ ಪಕ್ಕದ ಮುಂಗಾಲಿನ ಕುಂಟನ್ನು ನಟಿಸುತ್ತದೆ. ಮುಂಗಾಲಿನ ನಿಜವಾದ ನೋವು ಇದಕ್ಕೆ ವಿರುದ್ಧವಾಗಿ ಎದುರು ಪಕ್ಕದ ಹಿಂಗಾಲು ಕುಂಟುತ್ತಿರುವಂತೆ ತೋರಿಸುತ್ತದೆ. ಆದ್ದರಿಂದ ಒಂದೇ ಪಕ್ಕದ ಎರಡು ಕಾಲುಗಳು ಕುಂಟಿದಂತೆ ಕಂಡರೆ ಮೊದಲು ಹಿಂಗಾಲನ್ನು, ಮೂಲೆಮೂಲೆಯ ಎರಡು ಕಾಲುಗಳು ಕಂಡರೆ ಮೊದಲು ಮುಂಗಾಲನ್ನು ಶಂಕಿಸುವುದು ಲೇಸು. ಕುದುರೆಯ ಹಿಂದೆ ನಿಂತು ಸೊಂಟದ ಎರಡೂ ಬದಿಯ ಮೂಳೆಯ ತುದಿಗಳನ್ನು ನೋಡಿದರೆ, ಕುಂಟುವ ಬದಿಯ ತುದಿ ಸಾಮಾನ್ಯವಾಗಿ ಹೆಚ್ಚು ಏರಿಳಿಯುತ್ತದೆ. ಅಲ್ಲಿ ಬಿಳಿ ಪಟ್ಟಿ ಅಂಟಿಸಿಕೊಂಡರೆ ನೋಟ ಸುಲಭವಾಗುತ್ತದೆ.

ಎರಡೂ ಮುಂಗಾಲುಗಳು ಸಮನಾಗಿ ನೋಯುತ್ತಿದ್ದರೆ ತಲೆ ಆಡದೆ ಹೆಜ್ಜೆ ಮಾತ್ರ ಗಿಡ್ಡವಾಗಿರಬಹುದು. ಅಂಥ ಕುದುರೆಯನ್ನು ಗಟ್ಟಿ ನೆಲದ ಮೇಲೆ ಸುತ್ತು ಹಾಕಿಸಿದಾಗ ಹಲವು ಬಾರಿ ಒಳಪಕ್ಕದ ಕಾಲಿನ ಕುಂಟು ಹೊರಬೀಳುತ್ತದೆ. ಕೀಲನ್ನು ಸುಮಾರು 60 ಸೆಕೆಂಡು ಮಡಿಸಿ ಹಿಡಿದು ಓಡಿಸುವ ಪರೀಕ್ಷೆಯನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ, ಏಕೆಂದರೆ ಆರೋಗ್ಯವಂತ ಕುದುರೆಯೂ ಅದಾದ ಮೇಲೆ ಕೆಲವು ಹೆಜ್ಜೆ ಕುಂಟಬಹುದು. ಎದುರು ಕಾಲಿನೊಡನೆ ಹೋಲಿಸದೆ ಅದರ ಫಲವನ್ನು ಬರೆದಿಡಬಾರದು. ಹೆಜ್ಜೆಹೆಜ್ಜೆಗೂ ಪಾದ ಬೇರೆಬೇರೆ ಕಡೆ ಬೀಳುತ್ತಿದ್ದರೆ ಅದು ನೋವಿಗಿಂತ ನರವ್ಯೂಹದ ತೊಂದರೆಯತ್ತ ಬೆರಳು ಮಾಡುತ್ತದೆ.

ಕಾಲು ಯಾವುದೆಂದು ತೋಚಿದ ಮೇಲೆ ಪಶುವೈದ್ಯರು ಗೊರಸಿನ ಬಳಿಯಿಂದ ಆರಂಭಿಸಿ ಮೇಲಕ್ಕೆ ಒಂದೊಂದೇ ನರವನ್ನು ಮರಗಟ್ಟಿಸಿ, ಪ್ರತಿ ಸಲವೂ ಮತ್ತೆ ಓಡಿಸಿ ನೋಡುತ್ತಾರೆ. ನಮ್ಮ ಉದಾಹರಣೆಯ ಕುದುರೆಯ ಎಡ ಹಿಂಗಾಲನ್ನು ಮರಗಟ್ಟಿಸಿದಾಗ ಸೊಂಟದ ಏರಿಳಿತದೊಡನೆ ತಲೆಯ ಆಟವೂ ನಿಂತರೆ, ಮುಂಗಾಲಿನ ಎಕ್ಸ್‌ರೇ ತೆಗೆಯುವ ಅಗತ್ಯ ಉಳಿಯುವುದಿಲ್ಲ.