ಪುಟ್ಟ ಕ್ಯಾಬಿನೆಟ್‌ನ ಕಂಪ್ಯೂಟರ್: ಬಿಡಿಭಾಗಗಳಿಗಿಂತ ಮೊದಲು ಶಾಖದ ಲೆಕ್ಕ

ಚಿಕ್ಕ ಗಾತ್ರದ ಡೆಸ್ಕ್‌ಟಾಪ್ ಜೋಡಿಸಿಕೊಡಿ ಎಂದು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಒಂದು ಪಟ್ಟಿಯನ್ನು ಸಿದ್ಧಪಡಿಸಿಕೊಂಡೇ ಬರುತ್ತಾರೆ. ಆ ಪಟ್ಟಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಆರಂಭವಾಗಿ ಕ್ಯಾಬಿನೆಟ್‌ನಲ್ಲಿ ಮುಗಿಯುತ್ತದೆ. ದೊಡ್ಡ ಟವರ್‌ನ ಮಟ್ಟಿಗೆ ಈ ಕ್ರಮದಲ್ಲಿ ತಪ್ಪೇನಿಲ್ಲ, ಏಕೆಂದರೆ ಅಲ್ಲಿ ಯಾವ ಭಾಗ ತಂದರೂ ಕೂರಿಸಲು ಜಾಗವಿರುತ್ತದೆ. ಕ್ಯಾಬಿನೆಟ್‌ನ ಒಟ್ಟು ಗಾತ್ರ (ಉದ್ದ, ಅಗಲ, ಎತ್ತರಗಳ ಗುಣಲಬ್ಧ) 20 ಲೀಟರಿಗಿಂತ ಕೆಳಗಿಳಿದಾಗ ಮಾತ್ರ ಒಂದು ಭಾಗದ ಆಯ್ಕೆ ಉಳಿದೆಲ್ಲ ಭಾಗಗಳನ್ನೂ ಕಟ್ಟಿಹಾಕತೊಡಗುತ್ತದೆ. ಆದ್ದರಿಂದ ಕಂಪ್ಯೂಟರ್ ಇಡುವ ಕೋಣೆ ಬೇಸಿಗೆಯಲ್ಲಿ ಎಷ್ಟು ಬಿಸಿಯಾಗುತ್ತದೆ, ಅಲ್ಲಿ ಎಷ್ಟು ವ್ಯಾಟ್ ಶಾಖವನ್ನು ಹೊರಹಾಕಲು ಸಾಧ್ಯ ಎಂಬುದನ್ನು ನಾನು ಮೊದಲು ತೀರ್ಮಾನಿಸುತ್ತೇನೆ; ಬಿಡಿಭಾಗಗಳ ಹೆಸರು ಆಮೇಲೆ ಬರುತ್ತದೆ.

ವಿಮರ್ಶೆಗಳಲ್ಲಿ ಕಾಣುವ ತಾಪಮಾನದ ಅಂಕಿಗಳು ಬಹುಪಾಲು 20ರಿಂದ 25 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯಲ್ಲಿ ಅಳೆದವು. ಚಿಪ್ ಬಳಸುವ ವಿದ್ಯುತ್ ಮತ್ತು ಫ್ಯಾನಿನ ವೇಗ ಬದಲಾಗದಿದ್ದರೆ, ಕೋಣೆಯ ಗಾಳಿಗೂ ಚಿಪ್‌ಗೂ ನಡುವಿನ ತಾಪದ ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಅಂದರೆ 22 ಡಿಗ್ರಿಯ ಕೋಣೆಯಲ್ಲಿ 80 ಡಿಗ್ರಿ ತೋರಿಸಿದ ಪ್ರೊಸೆಸರ್, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಏ.ಸಿ. ಇಲ್ಲದ 38 ಡಿಗ್ರಿಯ ಕೋಣೆಯಲ್ಲಿ 96ನ್ನು ಮುಟ್ಟಲು ಹೊರಡುತ್ತದೆ. ಎಎಂಡಿಯ ರೈಜೆನ್ 5 7600 ಪ್ರೊಸೆಸರ್‌ನ ಗರಿಷ್ಠ ಮಿತಿ 95 ಡಿಗ್ರಿ. ಆ ಮಿತಿ ಬಂದೊಡನೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಹಣ ಕೊಟ್ಟು ಕೊಂಡ ವೇಗ ಬೇಕಾದ ಹೊತ್ತಿಗೆ ಸಿಗುವುದಿಲ್ಲ.

ಹೀಗಾಗಿ ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. 65 ವ್ಯಾಟ್ ಎಂದು ಬರೆದಿರುವ ರೈಜೆನ್ 5 7600 ಪೂರ್ಣ ಹೊರೆಯಲ್ಲಿ 88 ವ್ಯಾಟ್‌ವರೆಗೆ ಎಳೆಯುತ್ತದೆ. ಅದೇ 65 ವ್ಯಾಟ್ ನಮೂದಿಸಿರುವ ಇಂಟೆಲ್ ಕೋರ್ ಐ5 13400ರ ಟರ್ಬೊ (ತಾತ್ಕಾಲಿಕ ಹೆಚ್ಚಿನ ವೇಗದ) ಮಿತಿ 148 ವ್ಯಾಟ್. ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಎಂದರೆ 115 ವ್ಯಾಟ್, 4070 ಎಂದರೆ 200 ವ್ಯಾಟ್. ಏ.ಸಿ. ಇಲ್ಲದ ಕೋಣೆಯಲ್ಲಿಡುವ 10 ಲೀಟರ್ ಆಸುಪಾಸಿನ ಕ್ಯಾಬಿನೆಟ್‌ಗೆ ಪ್ರೊಸೆಸರ್ ಮತ್ತು ಕಾರ್ಡ್ ಸೇರಿ 300 ವ್ಯಾಟ್ ಮೀರದಂತೆ ನಾನು ನೋಡಿಕೊಳ್ಳುತ್ತೇನೆ. ಇದು ಯಾವುದೇ ಮಾನದಂಡದಲ್ಲಿ ಇರುವ ನಿಯಮವಲ್ಲ, ಕೆಲಸದಿಂದ ಮೂಡಿದ ಅಂದಾಜು. ಇದಕ್ಕಿಂತ ಹೆಚ್ಚಿನ ಭಾಗಗಳು ಬೇಕೇ ಬೇಕು ಎನ್ನುವವರಿಗೆ ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಪ್ರೊಸೆಸರ್‌ನ ವಿದ್ಯುತ್ ಮಿತಿ ತಗ್ಗಿಸುವ ಇಕೋ ಮೋಡ್ ಹಾಕಿ, ಕಾರ್ಡ್‌ನ ವಿದ್ಯುತ್ ಮಿತಿಯನ್ನು ಶೇಕಡ 80ರ ಆಸುಪಾಸಿಗೆ ಇಳಿಸಿಕೊಡುತ್ತೇನೆ. ಕೊನೆಯ ಕೆಲವು ಮೆಗಾಹರ್ಟ್ಸ್‌ಗಾಗಿಯೇ ಹೆಚ್ಚು ವಿದ್ಯುತ್ ಖರ್ಚಾಗುವುದರಿಂದ, ಇದರಲ್ಲಿ ಕಳೆದುಕೊಳ್ಳುವ ವೇಗಕ್ಕಿಂತ ತಗ್ಗುವ ಶಾಖವೂ ಸದ್ದೂ ಬಹಳ ಹೆಚ್ಚು. ಚಿಕ್ಕ ಕಂಪ್ಯೂಟರ್‌ಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ, ಅದಕ್ಕೆ ಖರ್ಚೂ ಇಲ್ಲ.

ಕ್ಯಾಬಿನೆಟ್ ವಿಷಯದಲ್ಲಿ ಲೀಟರ್ ಲೆಕ್ಕವೊಂದನ್ನೇ ನೋಡಿದರೆ ಸಾಲದು. ಕಾರ್ಡ್‌ನ ಫ್ಯಾನ್‌ಗಳು ಎಲ್ಲಿಂದ ಗಾಳಿ ಎಳೆದುಕೊಳ್ಳುತ್ತವೆ ಎಂಬುದನ್ನೂ ನೋಡಬೇಕು. 18 ಲೀಟರ್ ಆಸುಪಾಸಿನ ಕೂಲರ್ ಮಾಸ್ಟರ್ ಎನ್‌ಆರ್200ರಲ್ಲಿ ಮದರ್‌ಬೋರ್ಡ್ ಮತ್ತು ಕಾರ್ಡ್ ಒಳಗಿನ ಒಂದೇ ಖಾನೆಯಲ್ಲಿ ಇರುತ್ತವೆ, ಮೇಲೆ ಕೆಳಗೆ ಫ್ಯಾನ್ ಹಾಕಲು ಅವಕಾಶವಿದೆ. ಮೊದಲ ಬಾರಿ ಜೋಡಿಸುವವರಿಗೆ ನಾನು ಸೂಚಿಸುವುದು ಈ ಬಗೆಯನ್ನೇ. 7.2 ಲೀಟರಿನ ಡ್ಯಾನ್ ಎ4 ತರಹದವುಗಳಲ್ಲಿ ಕಾರ್ಡ್ ಬೋರ್ಡ್‌ನ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ ಮತ್ತು ಎರಡನ್ನೂ ರೈಸರ್ ಕೇಬಲ್ ಜೋಡಿಸುತ್ತದೆ. ಪಕ್ಕದ ಜಾಲರಿಯ ಮೂಲಕ ಕಾರ್ಡ್ ನೇರವಾಗಿ ಹೊರಗಿನ ಗಾಳಿಯನ್ನೇ ಪಡೆಯುವುದು ಈ ವಿನ್ಯಾಸದ ಬಲ. ಆ ಜಾಲರಿಯ ಬದಲು ಗಾಜು ಬಂದರೆ ಬಲವೆಲ್ಲ ಹೋಯಿತು.

ರೈಸರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕಾರ್ಡ್ ಮತ್ತು ಬೋರ್ಡ್ ನಡುವಿನ ಸಂಪರ್ಕಕ್ಕೆ ಪಿಸಿಐಇ ಎನ್ನುತ್ತಾರೆ; 3.0, 4.0 ಎಂಬವು ಅದರ ಪೀಳಿಗೆಗಳು. ಹಳೆಯ ಪಿಸಿಐಇ 3.0 ರೈಸರ್‌ಗೆ 4.0 ಕಾರ್ಡ್ ಜೋಡಿಸಿದಾಗ ಪರದೆಯಲ್ಲಿ ಏನೂ ಮೂಡದಿರುವುದು ಅಥವಾ ನಡುವೆ ಹಠಾತ್ತನೆ ಕಪ್ಪಾಗುವುದು ಸಾಮಾನ್ಯ ತೊಂದರೆ. ಬಯಾಸ್‌ನಲ್ಲಿ ಆ ಸ್ಲಾಟನ್ನು 3.0ಕ್ಕೆ ಇಳಿಸಿದರೆ ಇದು ಸರಿಹೋಗುತ್ತದೆ, ಆದರೆ ಬಯಾಸ್ ನೋಡಬೇಕಾದರೂ ಪರದೆ ಬೇಕಲ್ಲ! ಆದ್ದರಿಂದ ರೈಸರ್ ಇರುವ ಕ್ಯಾಬಿನೆಟ್‌ಗೆ, ತನ್ನೊಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರನ್ನೇ ಕೊಳ್ಳಿರಿ. ಹೆಸರಿನ ಕೊನೆಯಲ್ಲಿ ಎಫ್ ಇರುವ 13400ಎಫ್, 7500ಎಫ್‌ಗಳಲ್ಲಿ ಅದು ಇರುವುದಿಲ್ಲ. 16 ಲೇನ್ (ದತ್ತಾಂಶ ಸಾಗುವ ದಾರಿ) ಬಳಸುವ ಕಾರ್ಡ್‌ಗಳಿಗೆ 3.0ದಲ್ಲಿ ಆಗುವ ನಷ್ಟ ಅತ್ಯಲ್ಪ. ಆದರೆ 4060 ಬರೀ 8 ಲೇನ್ ಬಳಸುವುದರಿಂದ ಅದಕ್ಕೆ 4.0 ರೈಸರೇ ಲೇಸು.

ಕಾರ್ಡ್‌ನ ಉದ್ದವನ್ನು ಎಲ್ಲರೂ ಅಳೆಯುತ್ತಾರೆ, ಎತ್ತರವನ್ನು, ಅಂದರೆ ಸ್ಲಾಟ್‌ನಿಂದ ಅದು ಹೊರಕ್ಕೆ ಚಾಚುವ ಅಳತೆಯನ್ನು, ಮರೆಯುತ್ತಾರೆ. ಹೊಸ 16 ಪಿನ್ ವಿದ್ಯುತ್ ಕೇಬಲ್ ಕನೆಕ್ಟರ್‌ನಿಂದ ಸುಮಾರು 35 ಮಿ.ಮೀ. ನೇರವಾಗಿ ಬಂದ ಮೇಲಷ್ಟೇ ಬಾಗಬೇಕು. ಪಕ್ಕದ ಫಲಕ ಅದನ್ನು ಒತ್ತಿ ಬಗ್ಗಿಸಿದರೆ ಪಿನ್‌ಗಳು ಸಡಿಲವಾಗಿ ಕನೆಕ್ಟರ್ ಕರಗುವ ಅಪಾಯವಿದೆ. ಎನ್ವಿಡಿಯಾ 2024ರಲ್ಲಿ ಚಿಕ್ಕ ಕ್ಯಾಬಿನೆಟ್‌ಗಳಿಗಾಗಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ 304 ಮಿ.ಮೀ. ಉದ್ದ, ಕೇಬಲ್‌ನ ಬಾಗು ಸೇರಿ 151 ಮಿ.ಮೀ. ಎತ್ತರ ಮತ್ತು 50 ಮಿ.ಮೀ. ದಪ್ಪವನ್ನು ಮಿತಿಯಾಗಿ ಇಟ್ಟಿರುವುದು ಈ ಕಾರಣದಿಂದ ಉಪಯುಕ್ತ.

ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಘಟಕವಾದ ಎಸ್‌ಎಂಪಿಎಸ್‌ನಲ್ಲಿ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆ ಅಂದರೆ 125 ಮಿ.ಮೀ. ಅಗಲ, 63.5 ಮಿ.ಮೀ. ಎತ್ತರ, 100 ಮಿ.ಮೀ. ಉದ್ದ; ಎಸ್‌ಎಫ್‌ಎಕ್ಸ್-ಎಲ್ 30 ಮಿ.ಮೀ. ಹೆಚ್ಚು ಉದ್ದ, ಮತ್ತು ಆ 30 ಮಿ.ಮೀ. ಕೇಬಲ್‌ಗಳ ಜಾಗವನ್ನು ಪೂರ್ತಿ ನುಂಗಬಹುದು. 7600 ಮತ್ತು 4070 ಜೋಡಿಗೆ ಒಳ್ಳೆಯ 650 ವ್ಯಾಟ್ ಘಟಕ ಧಾರಾಳ ಸಾಕು. ಎಟಿಎಕ್ಸ್ 3.0 ಮಾನದಂಡದ್ದನ್ನು ಆರಿಸಿದರೆ ಕಾರ್ಡ್ ಕ್ಷಣಮಾತ್ರ ಎಳೆಯುವ ದುಪ್ಪಟ್ಟು ವಿದ್ಯುತ್ತನ್ನೂ ಅದು ತಾಳಿಕೊಳ್ಳುತ್ತದೆ. ಕರೆಂಟ್ ಪದೇಪದೇ ಹೋಗುವ ಊರಿನವರು ಯುಪಿಎಸ್ ಕೂಡ ಮನೆಯ ಕರೆಂಟ್‌ನಂತೆ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್‌ನದ್ದನ್ನೇ ಕೊಳ್ಳಬೇಕು. ಅಗ್ಗದ ಯುಪಿಎಸ್‌ನ ಚೌಕಾಕಾರದ ಅಲೆಗೆ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಮಂಡಲ) ಇರುವ ಎಸ್‌ಎಂಪಿಎಸ್‌ಗಳು ಕೆಲವೊಮ್ಮೆ ಹೊಂದಿಕೊಳ್ಳದೆ, ಕರೆಂಟ್ ಹೋದೊಡನೆ ಕಂಪ್ಯೂಟರೂ ಆರುತ್ತದೆ.

ಮದರ್‌ಬೋರ್ಡ್ ಆಯ್ಕೆ ಇಷ್ಟು ಕಠಿಣವಲ್ಲ. ವಯಾ ಕಂಪನಿ 2001ರಲ್ಲಿ ತಂದ ಮಿನಿ ಐಟಿಎಕ್ಸ್ 170 ಮಿ.ಮೀ. ಚೌಕದ ಬೋರ್ಡ್, ಒಂದೇ ಕಾರ್ಡ್ ಸ್ಲಾಟ್, ಸಾಮಾನ್ಯವಾಗಿ ಎರಡೇ ರ‍್ಯಾಮ್ ಸ್ಲಾಟ್. ಆಮೇಲೆ ಸೇರಿಸುತ್ತೇನೆಂದು 8 ಜಿಬಿಯ ಎರಡು ಕೊಂಡರೆ ಮುಂದೆ ಎರಡನ್ನೂ ತೆಗೆಯಬೇಕಾಗುತ್ತದೆ, ಹಾಗಾಗಿ ಮೊದಲೇ 16 ಜಿಬಿಯ ಎರಡನ್ನು ಹಾಕಿಸಿ. ಬೋರ್ಡ್‌ನ ಹಿಂಬದಿಯಲ್ಲಿ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್‌ಗೆ ಗಾಳಿ ತಾಗುವುದಿಲ್ಲ, ಬಿಸಿಯಾಗುವ ಪಿಸಿಐಇ 5.0 ಎಸ್‌ಎಸ್‌ಡಿ ಅಲ್ಲಿ ಬೇಡ. ಪ್ರೊಸೆಸರ್ ತಂಪಾಗಿಸುವ ಕೂಲರ್‌ನ ಎತ್ತರವನ್ನು ಕ್ಯಾಬಿನೆಟ್ ನಿರ್ಧರಿಸುತ್ತದೆ: ನಾಕ್ಟುವಾದ 37 ಮಿ.ಮೀ. ಎನ್‌ಎಚ್-ಎಲ್9ಎ, ಥರ್ಮಲ್‌ರೈಟ್‌ನ 47 ಮಿ.ಮೀ. ಎಎಕ್ಸ್‌ಪಿ90, ಜಾಗವಿದ್ದರೆ 70 ಮಿ.ಮೀ. ಎನ್‌ಎಚ್-ಎಲ್12ಎಸ್. ಇವುಗಳಡಿ ಎತ್ತರದ ಬಣ್ಣದ ದೀಪದ ರ‍್ಯಾಮ್ ಕೂರುವುದು ಕಷ್ಟ.

ಕೊನೆಯದಾಗಿ, ಕಚೇರಿ ಕೆಲಸ, ಡಿಟಿಪಿ, ಲೆಕ್ಕಪತ್ರಗಳಿಗೆ ಚಿಕ್ಕ ಕಂಪ್ಯೂಟರ್ ಕೇಳುವವರಿಗೆ ನಾನು ಕಾರ್ಡನ್ನೇ ಕೈಬಿಡಲು ಹೇಳುತ್ತೇನೆ. 1.92 ಲೀಟರಿನ ಆಸ್‌ರಾಕ್ ಡೆಸ್ಕ್‌ಮಿನಿ ಎಕ್ಸ್600ಕ್ಕೆ ರೈಜೆನ್ 5 8600ಜಿ ಹಾಕಿದರೆ ಎಲ್ಲವೂ 120 ವ್ಯಾಟ್ ಅಡಾಪ್ಟರ್‌ನಲ್ಲಿ ನಡೆಯುತ್ತದೆ. ಅದಕ್ಕೆ ಲ್ಯಾಪ್‌ಟಾಪ್ ಅಳತೆಯ ಡಿಡಿಆರ್5 ರ‍್ಯಾಮ್ ಬೇಕೆಂಬುದು ನೆನಪಿರಲಿ. ಕಾರ್ಡ್ ಬೇಕಾದವರು ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್‌ಗಳನ್ನು ಮೊದಲು ತರಿಸಿಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಇವೆರಡು ಕೇಳಿದ ದಿನವೇ ಸಿಗುತ್ತವೆಂಬ ಭರವಸೆಯಿಲ್ಲ, ಉಳಿದವು ಸಿಗುತ್ತವೆ. ಅವು ಕೈಸೇರಿ, ಟೇಪಿನಿಂದ ಜಾಗ ಅಳೆದ ನಂತರ ಕಾರ್ಡ್‌ಗೆ ಹಣ ಕೊಡಿ.